ಬೀದಿಯಲ್ಲಿರುವ ಹುಡುಗರ ಕೈಗೆ ತಿಂಗಳು ತಿಂಗಳು ದುಡ್ಡು ಕೊಟ್ಟರೆ ಸೂರು ಸಿಗುತ್ತಾ?

ವನಜಾ ಪೋರ್ಟ್‌ಲ್ಯಾಂಡ್

ಗೃಹಲಕ್ಷ್ಮಿ, ಯುವನಿಧಿ ಬಗ್ಗೆ ಈ ಚರ್ಚಾ ಗುಂಪಿನಲ್ಲಿ ಆಗಾಗ ಜಗಳ ನಡೆಯುತ್ತಲೇ ಇರುತ್ತದೆ. ಹಾಗಾಗಿ ನಮ್ಮ ಕಡೆಯ ಒಂದು ವಿಷಯ ಮುಂದಿಡುತ್ತೇನೆ. ನಾನಿರುವುದು ಅಮೆರಿಕದ ಒರೆಗಾನ್‌ನಲ್ಲಿ. 2023ರ ಫೆಬ್ರವರಿಯಲ್ಲಿ ಇಲ್ಲಿನ ರಾಜ್ಯ ಸರ್ಕಾರ ಒಂದು ಪ್ರಯೋಗ ಶುರು ಮಾಡಿತು. ಮನೆಯಿಲ್ಲದ, 18ರಿಂದ 24 ವರ್ಷದೊಳಗಿನ ಸುಮಾರು 120 ಹುಡುಗ ಹುಡುಗಿಯರಿಗೆ ತಿಂಗಳಿಗೆ 1,000 ಡಾಲರ್, ಎರಡು ವರ್ಷ. ಅದರ ಜೊತೆಗೆ ಒಂದೇ ಒಂದು ಸಲ 3,000 ಡಾಲರ್. ಖರ್ಚಿನ ಬಿಲ್ ತೋರಿಸಬೇಕಾಗಿಲ್ಲ. ಕೆಲಸ ಹುಡುಕುತ್ತಿದ್ದೇನೆ ಅಂತ ವಾರವಾರ ಸಹಿ ಹಾಕಬೇಕಾಗಿಲ್ಲ. ಸಲಹೆ ಕೊಡಲು ಒಬ್ಬರು ಇರುತ್ತಾರೆ, ಬೇಡ ಅಂದರೆ ಬಲವಂತವಿಲ್ಲ.

ನ್ಯೂಯಾರ್ಕ್‌ನಲ್ಲಿ ಇದು 2022ರಲ್ಲೇ ಶುರುವಾಗಿತ್ತು. ಪಾಯಿಂಟ್ ಸೋರ್ಸ್ ಯೂತ್ ಅನ್ನುವ ಸಂಸ್ಥೆ, ಶಿಕಾಗೊ ವಿಶ್ವವಿದ್ಯಾಲಯದ ಚಾಪಿನ್ ಹಾಲ್ ಸಂಶೋಧಕರು ಸೇರಿ ಮಾಡಿದ್ದು. ಅಲ್ಲಿ ತಿಂಗಳಿಗೆ 1,250 ಡಾಲರ್. ಇದೇ ಚಾಪಿನ್ ಹಾಲ್‌ನವರು 2017ರಲ್ಲಿ ಒಂದು ಅಂದಾಜು ಕೊಟ್ಟಿದ್ದರು. ಅಮೆರಿಕದಲ್ಲಿ 18ರಿಂದ 25 ವಯಸ್ಸಿನ ಹತ್ತು ಜನರಲ್ಲಿ ಒಬ್ಬರು ಒಂದು ವರ್ಷದ ಅವಧಿಯಲ್ಲಿ ಯಾವುದೋ ಒಂದು ರೀತಿ ಮನೆಯಿಲ್ಲದೆ ಇದ್ದವರೇ. ಎಲ್ಲರೂ ಫುಟ್‌ಪಾತ್ ಮೇಲೆ ಮಲಗಿದವರಲ್ಲ. ಇವತ್ತು ಈ ಗೆಳೆಯನ ಸೋಫಾ, ನಾಳೆ ಆ ಗೆಳತಿಯ ಮನೆ, ಆಮೇಲೆ ಕಾರು, ಹೀಗೆ.

ಒರೆಗಾನ್‌ನಲ್ಲಿ ಎರಡು ವರ್ಷದ ಕೊನೆಯ ಸಮೀಕ್ಷೆಗೆ ಉತ್ತರ ಕೊಟ್ಟವರಲ್ಲಿ 90%ಗಿಂತ ಜಾಸ್ತಿ ಜನ ಮನೆ ಸೇರಿದ್ದರು. ದುಡ್ಡು ಕೊಟ್ಟರೆ ಹಾಳಾಗುತ್ತಾರೆ ಅನ್ನುವವರು ಇದಕ್ಕೆ ಏನು ಹೇಳುತ್ತೀರಿ?

ಗಾಂಧಿನಗರ ಗುರು

ತಿಂಗಳಿಗೆ 80 ಸಾವಿರಕ್ಕೂ ಮೇಲೆ! ಅರ್ಜಿ ಎಲ್ಲಿ ಸಿಗುತ್ತೆ ಅಕ್ಕ? ನನಗೂ ಸ್ವಂತ ಮನೆಯಿಲ್ಲ.

ಶಾನುಭೋಗ

ಮೇಡಂ, "ಉತ್ತರ ಕೊಟ್ಟವರಲ್ಲಿ" ಅಂದಿರಲ್ಲ, ನನ್ನ ತಕರಾರು ಅಲ್ಲೇ ಇರುವುದು. ಉತ್ತರ ಕೊಡದವರು ಎಲ್ಲಿದ್ದರು? ಮನೆ ಸಿಕ್ಕವನು ಫೋನ್ ಎತ್ತುತ್ತಾನೆ. ಮತ್ತೆ ಬೀದಿಗೆ ಬಿದ್ದವನ ಫೋನ್ ಸ್ವಿಚ್ ಆಫ್.

ಇನ್ನೊಂದು. ಡೆನ್ವರ್ ನಗರದ ಪ್ರಯೋಗ ನೋಡಿದ್ದೀರಾ? 2022ರ ಕೊನೆಯಲ್ಲಿ ಶುರುವಾಯಿತು. 800ಕ್ಕೂ ಹೆಚ್ಚು ಮನೆಯಿಲ್ಲದ ಜನ, ಎಲ್ಲ ವಯಸ್ಸಿನ ದೊಡ್ಡವರು. ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ತಿಂಗಳಿಗೆ 1,000 ಡಾಲರ್. ಎರಡನೆಯದಕ್ಕೆ ಆರಂಭದಲ್ಲೇ 6,500, ಆಮೇಲೆ ತಿಂಗಳಿಗೆ 500. ಮೂರನೆಯದಕ್ಕೆ ತಿಂಗಳಿಗೆ ಬರೀ 50 ಡಾಲರ್. ಹತ್ತು ತಿಂಗಳಾದ ಮೇಲೆ ಮನೆ ಅಥವಾ ಅಪಾರ್ಟ್‌ಮೆಂಟ್‌ನಲ್ಲಿ ಇದ್ದವರು ಎಷ್ಟು? ಕ್ರಮವಾಗಿ 44%, 48%, 43%.

ಅಂದರೆ ಸಾವಿರ ಕೊಟ್ಟರೂ ಅಷ್ಟೇ, ಐವತ್ತು ಕೊಟ್ಟರೂ ಅಷ್ಟೇ. ಹೋಲಿಕೆಗೆ ಆ ಮೂರನೇ ಗುಂಪು ಇಲ್ಲದಿದ್ದರೆ "ಅರ್ಧಕ್ಕರ್ಧ ಜನಕ್ಕೆ ಮನೆ ಸಿಕ್ಕಿತು" ಅಂತ ಎಲ್ಲರೂ ಡಂಗುರ ಹೊಡೆಯುತ್ತಿದ್ದರು. ನಾನು ದುಡ್ಡು ಕೊಡುವುದರ ವಿರೋಧಿ ಅಲ್ಲ. ಲೆಕ್ಕ ಸರಿಯಾಗಿ ಮಾಡಿ ಅಂತಷ್ಟೇ ನನ್ನ ಮಾತು.

ವನಜಾ ಪೋರ್ಟ್‌ಲ್ಯಾಂಡ್

ಶಾನುಭೋಗರೇ, ಡೆನ್ವರ್ ವಿಷಯ ಬಂದೇ ಬರುತ್ತದೆ ಅಂತ ಗೊತ್ತಿತ್ತು. ನೀವು ಹೇಳಿದ ಅಂಕಿ ಸರಿ. ಆದರೆ ಒಂದು ನೋಡಿ. ಇಂಥ ಪ್ರಯೋಗಕ್ಕೆ ಜನರನ್ನು ಸೇರಿಸಿಕೊಳ್ಳುವುದು ಅವರು ತೀರಾ ಕೆಳಗೆ ಬಿದ್ದ ಹೊತ್ತಿನಲ್ಲಿ. ಅಲ್ಲಿಂದ ಕೆಲವರು ಹೇಗೋ ತಾವೇ ಮೇಲೆ ಬರುತ್ತಾರೆ. ಅಣ್ಣ ಕರೆದುಕೊಂಡು ಹೋಗುತ್ತಾನೆ, ಸರ್ಕಾರ ಬಾಡಿಗೆ ಭರಿಸುವ ಚೀಟಿ ಸಿಗುತ್ತದೆ. ಆದ್ದರಿಂದ ಎಲ್ಲ ಗುಂಪೂ ಮೇಲೆ ಹೋಗುತ್ತದೆ. ದುಡ್ಡು ಎಷ್ಟು ಬೇಗ, ಎಷ್ಟು ಜನರನ್ನು ಎತ್ತುತ್ತದೆ ಅನ್ನುವುದೇ ಅಸಲು ಪ್ರಶ್ನೆ. ಅದಕ್ಕೆ ಡೆನ್ವರ್‌ನ ಉತ್ತರ ಮಂಕಾಗಿದೆ, ಒಪ್ಪುತ್ತೇನೆ.

ಕೆನಡಾದ ವ್ಯಾಂಕೂವರ್‌ನದ್ದು ಅಷ್ಟು ಮಂಕಲ್ಲ. 2018ರಲ್ಲಿ 50 ಜನರಿಗೆ ಒಂದೇ ಕಂತಿನಲ್ಲಿ 7,500 ಕೆನಡಿಯನ್ ಡಾಲರ್ ಕೊಟ್ಟರು. ದುಡ್ಡು ಸಿಗದ ಗುಂಪೂ ಇತ್ತು. ದುಡ್ಡು ಸಿಕ್ಕವರು ಒಂದು ವರ್ಷದಲ್ಲಿ ಸರಾಸರಿ 99 ದಿನ ಕಡಿಮೆ ಮನೆಯಿಲ್ಲದೆ ಕಳೆದರು. ಕುಡಿತ, ಸಿಗರೇಟು, ಡ್ರಗ್ಸ್ ಖರ್ಚು ಏರಲಿಲ್ಲ. ಶೆಲ್ಟರ್‌ನಲ್ಲಿ ಒಬ್ಬರನ್ನು ಇಟ್ಟುಕೊಳ್ಳುವ ಖರ್ಚು ಉಳಿದದ್ದು ಲೆಕ್ಕ ಹಾಕಿದರೆ ಕೊಟ್ಟ ದುಡ್ಡಿಗಿಂತ ಸ್ವಲ್ಪ ಜಾಸ್ತಿಯೇ ವಾಪಸ್ ಬಂದಂತಾಯಿತು.

ಶಾನುಭೋಗ

ವ್ಯಾಂಕೂವರ್‌ನವರು ಚಟ ಜೋರಾಗಿ ಹತ್ತಿದವರನ್ನು, ತೀವ್ರ ಮಾನಸಿಕ ಕಾಯಿಲೆ ಇದ್ದವರನ್ನು ಮೊದಲೇ ಜರಡಿ ಹಿಡಿದು ಬಿಟ್ಟಿದ್ದರು. ಇದನ್ನೂ ಹೇಳಬೇಕು ಅಲ್ವಾ?

ವನಜಾ ಪೋರ್ಟ್‌ಲ್ಯಾಂಡ್

ಹೌದು, ಹೇಳಬೇಕು. ಎಲ್ಲರಿಗೂ ಇದೇ ಮದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಹತ್ತೊಂಬತ್ತರ ಹುಡುಗಿ ಬೇರೆ, ಇಪ್ಪತ್ತು ವರ್ಷ ಬೀದಿಯಲ್ಲಿ ಕಳೆದ ಐವತ್ತರ ಮನುಷ್ಯ ಬೇರೆ. ಅವಳು ಬೀದಿಗೆ ಬಂದು ಇನ್ನೂ ಜಾಸ್ತಿ ದಿನ ಆಗಿರುವುದಿಲ್ಲ. ತಡೆಯಬೇಕಾದರೆ ಆಗಲೇ ತಡೆಯಬೇಕು.

ಧಾರವಾಡ ಮಾಸ್ತರ

ನನಗೊಂದು ಅರ್ಥವಾಗಲಿಲ್ಲ ತಂಗಿ. ತಿಂಗಳಿಗೆ ಸಾವಿರ ಡಾಲರಿಗೆ ಅಲ್ಲಿ ಬಾಡಿಗೆ ಮನೆ ಸಿಗುತ್ತದೆಯೇ? ನಮ್ಮ ಅಳಿಯ ಅಲ್ಲೇ ಇದ್ದಾನೆ, ಅವನು ಹೇಳುವ ಬಾಡಿಗೆ ಕೇಳಿದರೆ ಎದೆ ಝಲ್ ಅನ್ನುತ್ತದೆ.

ವನಜಾ ಪೋರ್ಟ್‌ಲ್ಯಾಂಡ್

ಸರಿಯಾದ ಜಾಗಕ್ಕೆ ಕೈ ಹಾಕಿದಿರಿ ಸರ್. ಇಡೀ ಮನೆ ಸಿಗುವುದಿಲ್ಲ. ಇನ್ನೊಬ್ಬರ ಜೊತೆ ಹಂಚಿಕೊಂಡು ಒಂದು ರೂಮು ಸಿಗುತ್ತದೆ. ಅದೂ ಬಾಡಿಗೆ ಒಂದೇ ಅಲ್ಲ. ನಾನು ಶನಿವಾರ ಅಡುಗೆಗೆ ಹೋಗುವ ಕೇಂದ್ರಕ್ಕೆ ಒಬ್ಬ ಹುಡುಗ ಬರುತ್ತಿದ್ದ. ಕಾಫಿ ಅಂಗಡಿಯಲ್ಲಿ ಬೆಳಗಿನ ಪಾಳಿ, ರಾತ್ರಿ ಹಳೇ ಕಾರಿನ ಹಿಂದಿನ ಸೀಟು. ಒಂದು ದಿನ ನನ್ನ ಪಕ್ಕ ಕೂತು ಫೋನ್‌ನಲ್ಲಿ ಅಪಾರ್ಟ್‌ಮೆಂಟ್ ಅರ್ಜಿ ತುಂಬುತ್ತಿದ್ದ. ಅರ್ಜಿಗೇ ಸುಮಾರು 50 ಡಾಲರ್, ಮನೆ ಸಿಗದಿದ್ದರೆ ವಾಪಸ್ ಇಲ್ಲ. ಆಮೇಲಿನ ಪ್ರಶ್ನೆ: ನಿಮ್ಮ ಆದಾಯ ಬಾಡಿಗೆಯ ಮೂರು ಪಟ್ಟು ಇದೆಯೇ? ಆಮೇಲೆ: ಹಿಂದಿನ ಮನೆ ಮಾಲೀಕರ ಹೆಸರು, ಫೋನ್ ನಂಬರ್? ಆಮೇಲೆ ಕ್ರೆಡಿಟ್ ಸ್ಕೋರ್. ಅವನಿಗೆ ಹಿಂದಿನ ಮಾಲೀಕ ಅಂತ ಯಾರೂ ಇಲ್ಲ. ಅಲ್ಲಿಗೆ ಬಂದು ಫೋನನ್ನು ಮಗುಚಿ ಮೇಜಿನ ಮೇಲಿಟ್ಟ. "ಇನ್ನೊಂದು ತಟ್ಟೆ ಸಿಗುತ್ತಾ" ಅಂತ ಕೇಳಿದ.

ಹೀಗಾಗಿ ಒರೆಗಾನ್‌ನ ಆ 3,000 ಡಾಲರ್ ನನಗೆ ತಿಂಗಳ ಸಾವಿರಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಒಳಗೆ ಕಾಲಿಡಲು ಬೇಕಾದ ದುಡ್ಡು ಅದು. ಮುಂಗಡ, ಮೊದಲ ತಿಂಗಳ ಬಾಡಿಗೆ, ಹಾಸಿಗೆ.

ಬಾಲಮಂದಿರದ ಹಳೇ ವಿದ್ಯಾರ್ಥಿ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಆ ಹಿಂದಿನ ಮಾಲೀಕರ ಪ್ರಶ್ನೆ ಓದಿ ಬರೆಯಲೇಬೇಕು ಅನ್ನಿಸಿತು.

ನಾನು ಬೆಳೆದದ್ದು ನಮ್ಮ ರಾಜ್ಯದ ಒಂದು ಬಾಲಮಂದಿರದಲ್ಲಿ, ಅಂದರೆ ದಿಕ್ಕಿಲ್ಲದ ಮಕ್ಕಳನ್ನು ಸರ್ಕಾರ ಸಾಕುವ ಮನೆಯಲ್ಲಿ. ಊರು ಬೇಡ. 18 ತುಂಬಿದ ಮೇಲೆ ಹೊರಗೆ. ಕೈಗೆ ಒಂದು ಬ್ಯಾಗ್, ಅಂಕಪಟ್ಟಿ, ಒಂದಿಷ್ಟು ಬಸ್ ಚಾರ್ಜು. ಬೆಂಗಳೂರಿಗೆ ಬಂದೆ. ಪಿಜಿಗೆ ಹೋದರೆ ಮೊದಲ ಪ್ರಶ್ನೆ ಅಡ್ವಾನ್ಸ್. ಎರಡನೇದು "ಅಪ್ಪನ ನಂಬರ್ ಕೊಡಿ". ಇಲ್ಲ ಅಂದೆ. "ಅಮ್ಮನದು?" ಇಲ್ಲ ಅಂದೆ. "ಹಾಗಾದರೆ ಯಾರಾದರೂ ದೊಡ್ಡವರನ್ನು ಕರೆದುಕೊಂಡು ಬಾ." ದೊಡ್ಡವರು ಯಾರು ನನಗೆ? ಆಧಾರ್‌ನಲ್ಲಿ ಇದ್ದ ವಿಳಾಸ ಬಾಲಮಂದಿರದ್ದು. ಅದನ್ನು ನೋಡಿದ ಕೂಡಲೇ ಆ ಮನುಷ್ಯನ ಮುಖವೇ ಬದಲಾಯಿತು. ಜೈಲಿಂದ ಬಂದವನು ಅಂದುಕೊಂಡನೋ ಏನೋ. ರೂಮ್ ಖಾಲಿ ಇಲ್ಲ ಅಂದ. ಬೋರ್ಡ್ ಮಾತ್ರ ಹೊರಗೆ ನೇತಾಡುತ್ತಿತ್ತು.

ಮೊದಲ ಕೆಲವು ತಿಂಗಳು ಒಂದು ಹೋಟೆಲ್‌ನಲ್ಲಿ ಕೆಲಸ, ಅಲ್ಲೇ ಮೇಲಿನ ಸ್ಟೋರ್ ರೂಮ್‌ನಲ್ಲಿ ಅಕ್ಕಿ ಮೂಟೆಗಳ ಪಕ್ಕ ಮಲಗುವುದು. ಸರ್ಕಾರದ ಲೆಕ್ಕದಲ್ಲಿ ನಾನು ಮನೆಯಿಲ್ಲದವನಲ್ಲ, ಯಾಕಂದರೆ ಫುಟ್‌ಪಾತ್ ಮೇಲೆ ಇರಲಿಲ್ಲ. ಮಾಲೀಕರ ಜೊತೆ ಮಾತು ಬಂದರೆ ಕೆಲಸವೂ ಹೋಯಿತು, ಮಲಗುವ ಜಾಗವೂ ಹೋಯಿತು. ಹೀಗಾಗಿ ಸಂಬಳ ಹಿಡಿದುಕೊಂಡರೂ ಬಾಯಿ ಬಿಡುತ್ತಿರಲಿಲ್ಲ. ಆಗ ಯಾರಾದರೂ ತಿಂಗಳಿಗೆ ನಾಲ್ಕೈದು ಸಾವಿರ ಕೊಟ್ಟಿದ್ದರೆ ಏನಾಗುತ್ತಿತ್ತು? ಕುಡಿಯುತ್ತಿರಲಿಲ್ಲ ಸ್ವಾಮಿ. ಆ ಕೆಲಸ ಬಿಡುತ್ತಿದ್ದೆ. ಅಷ್ಟೇ.

ಮಂಗಳೂರು ಮೀನಾಕ್ಷಿ

ಅಯ್ಯೋ ದೇವರೇ. ಬರೆದದ್ದು ಒಳ್ಳೆಯದಾಯಿತು ಮಾರಾಯ.

ಗಾಂಧಿನಗರ ಗುರು

ನನ್ನ ಮೇಲಿನ ಜೋಕ್ ಅಳಿಸಬಹುದಾ ಅಡ್ಮಿನ್?

ಕಾರ್ಡಿಫ್ ಕನ್ನಡಿಗ

ಹಳೇ ವಿದ್ಯಾರ್ಥಿಯವರು ಹೇಳಿದ್ದನ್ನೇ ಗುರಿ ಇಟ್ಟುಕೊಂಡು ನಮ್ಮ ಬ್ರಿಟನ್ನಿನ ವೇಲ್ಸ್‌ನಲ್ಲಿ ಒಂದು ಯೋಜನೆ ಮಾಡಿದರು. ಮನೆಯಿಲ್ಲದವರಿಗೆ ಅಂತ ಹೆಸರಿಡಲಿಲ್ಲ. ಸರ್ಕಾರದ ಆರೈಕೆಯಲ್ಲಿ ಬೆಳೆದು ಹೊರಗೆ ಬರುವ ಮಕ್ಕಳಿಗೆ ಅಂತ ಮಾಡಿದರು. ಯಾಕಂದರೆ ಮುಂದೆ ಬೀದಿಗೆ ಬೀಳುವವರಲ್ಲಿ ಈ ಮಕ್ಕಳು ಜಾಸ್ತಿ. ಬಿದ್ದ ಮೇಲೆ ಎತ್ತುವ ಬದಲು ಬೀಳುವ ಮುಂಚೆ ಹಿಡಿಯುವುದು.

2022ರ ಜುಲೈ 1ರಿಂದ 2023ರ ಜೂನ್ 30ರೊಳಗೆ 18 ತುಂಬಿದವರಿಗೆ ತಿಂಗಳಿಗೆ 1,600 ಪೌಂಡ್, ಎರಡು ವರ್ಷ. ತೆರಿಗೆ ಹಿಡಿದು ಕೈಗೆ ಬರುತ್ತಿದ್ದದ್ದು 1,280. 600ಕ್ಕೂ ಹೆಚ್ಚು ಮಕ್ಕಳು ಸೇರಿದರು. ತಿಂಗಳಿಗೊಮ್ಮೆ ಬೇಕೋ ಎರಡು ಕಂತಿನಲ್ಲಿ ಬೇಕೋ ಅವರೇ ಹೇಳಬಹುದಿತ್ತು. ಬೇಕೆಂದರೆ ಬಾಡಿಗೆ ಸೀದಾ ಮಾಲೀಕರಿಗೆ ಹೋಗುವ ಹಾಗೆ ಮಾಡಿಸಿಕೊಳ್ಳಬಹುದಿತ್ತು. ಈ ಸಣ್ಣ ಅನುಕೂಲ ನನಗೆ ಬಹಳ ಹಿಡಿಸಿತು. ಮೊದಲ ವಾರವೇ ದುಡ್ಡು ಖಾಲಿ ಮಾಡುವ ಭಯ ಆ ಹುಡುಗರಿಗೂ ಇರುತ್ತದೆ. ನಮಗಿರಲಿಲ್ವಾ, ಮೊದಲ ಸಂಬಳದಲ್ಲಿ?

ತೊಂದರೆ ಇರಲಿಲ್ಲ ಅಂತಲ್ಲ. ಈ ದುಡ್ಡು ಆದಾಯ ಅಂತ ಲೆಕ್ಕವಾದದ್ದರಿಂದ ಬೇರೆ ಸರ್ಕಾರಿ ನೆರವು ಕಡಿಮೆಯಾಗುತ್ತಿತ್ತು. ನಿರಾಶ್ರಿತರಾಗಿ ಒಬ್ಬರೇ ದೇಶಕ್ಕೆ ಬಂದ ಮಕ್ಕಳೂ ಇದರಲ್ಲಿದ್ದರು. ಉಚಿತ ವಕೀಲರ ಸೌಲಭ್ಯಕ್ಕೆ ಆದಾಯ ಮಿತಿ ಇರುವುದರಿಂದ ಅವರ ವಿಷಯದಲ್ಲಿ ದೊಡ್ಡ ಗದ್ದಲವಾಯಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದು ಎಲ್ಲ ಸರ್ಕಾರಗಳಿಗೂ ಅಭ್ಯಾಸ.

ವನಜಾ ಪೋರ್ಟ್‌ಲ್ಯಾಂಡ್

ಇಲ್ಲೂ ಅದೇ. ಅಂಗವೈಕಲ್ಯ ಇರುವ ಬಡವರಿಗೆ ಸಿಗುವ ಎಸ್‌ಎಸ್‌ಐ ನೆರವಿಗೆ ಒಂದು ಮಿತಿ ಇದೆ. ಒಬ್ಬರ ಹತ್ತಿರ 2,000 ಡಾಲರ್‌ಗಿಂತ ಹೆಚ್ಚು ಉಳಿತಾಯ ಇರುವಂತಿಲ್ಲ. ಈ ಮಿತಿ 1989ರಿಂದ ಬದಲಾಗಿಲ್ಲ. ಮುಂಗಡ ಕೂಡಿಡಲು ಹೋದ ಹುಡುಗಿಗೆ ನೆರವೇ ನಿಂತು ಹೋಗಬಹುದು. ಅದಕ್ಕೇ ಸೇರುವ ಮುಂಚೆ ಯಾವ ನೆರವು ಹೋಗಬಹುದು, ಯಾವುದು ಉಳಿಯುತ್ತದೆ ಅಂತ ಪ್ರತಿಯೊಬ್ಬರ ಜೊತೆ ಕೂತು ಲೆಕ್ಕ ಹಾಕಬೇಕಾಗುತ್ತದೆ. ದುಡ್ಡು ಕೊಡುವುದು ಸುಲಭ, ಈ ಕೆಲಸ ಕಷ್ಟ.

ಇನ್ನು ರಾಜಕೀಯ. 2024ರಲ್ಲಿ ಅಯೋವಾ, ಐಡಾಹೊ, ಸೌತ್ ಡಕೋಟಾ ರಾಜ್ಯಗಳು ಸ್ಥಳೀಯ ಸರ್ಕಾರಗಳು ಇಂಥ ಯೋಜನೆ ಮಾಡಲೇಬಾರದು ಅಂತ ಕಾನೂನು ತಂದವು. ಟೆಕ್ಸಸ್‌ನಲ್ಲಿ ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಯೋಜನೆಯನ್ನು ಆ ರಾಜ್ಯದ ಸುಪ್ರೀಂ ಕೋರ್ಟ್ ತಡೆಯಿತು.

ರಾಯಚೂರು ರಂಗ

ಕ್ಷಮಿಸಿ, ನಾನು ಬೇರೆ ದಾರಿ. ಪುಕ್ಕಟೆ ಕೊಟ್ಟರೆ ದುಡಿಯುವವರು ಕಡಿಮೆಯಾಗುತ್ತಾರೆ. ನಮ್ಮ ಕಡೆ ಹತ್ತಿ ಬಿಡಿಸಲು ಆಳು ಸಿಗುತ್ತಿಲ್ಲ. 19 ವರ್ಷದ ಗಟ್ಟಿಮುಟ್ಟಾದ ಹುಡುಗನಿಗೆ ಕೆಲಸ ಕೊಡಿಸಿ, ದುಡ್ಡು ಯಾಕೆ? ತಳ ತೂತಾದ ಕೊಡಕ್ಕೆ ನೀರು ಹೊಯ್ದ ಹಾಗೆ ಇದು.

ಶಾನುಭೋಗ

ರಂಗಣ್ಣ, ನನ್ನನ್ನು ನಿಮ್ಮ ಪಾರ್ಟಿಗೆ ಸೇರಿಸಿಕೊಳ್ಳಬೇಡಿ! ಈ ವಿಷಯದಲ್ಲೂ ಅಂಕಿ ಇದೆ. ಓಪನ್‌ರಿಸರ್ಚ್ ಅನ್ನುವ ಸಂಸ್ಥೆ ಟೆಕ್ಸಸ್, ಇಲಿನಾಯ್ ರಾಜ್ಯಗಳಲ್ಲಿ 1,000 ಜನರಿಗೆ ಮೂರು ವರ್ಷ ತಿಂಗಳಿಗೆ 1,000 ಡಾಲರ್ ಕೊಟ್ಟಿತು. 21ರಿಂದ 40 ವಯಸ್ಸಿನ ಬಡವರು. ಇನ್ನೂ 2,000 ಜನರಿಗೆ ತಿಂಗಳಿಗೆ 50. ಫಲಿತಾಂಶ 2024ರಲ್ಲಿ ಬಂತು. ಸಾವಿರ ಪಡೆದವರು ವಾರಕ್ಕೆ ಸರಾಸರಿ 1.3 ಗಂಟೆ ಕಡಿಮೆ ದುಡಿದರು. ಸೊನ್ನೆಯಲ್ಲ, ನಿಮ್ಮ ಮಾತಿನಲ್ಲಿ ಒಂದು ಹನಿಯಷ್ಟು ಸತ್ಯ ಇದೆ. ಆದರೆ ಹಾಸಿಗೆ ಹಿಡಿದು ಮಲಗಿದರು ಅನ್ನುವಷ್ಟಲ್ಲ.

ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್‌ನಲ್ಲಿ 2019ರಲ್ಲಿ 125 ಜನರಿಗೆ ತಿಂಗಳಿಗೆ 500 ಕೊಟ್ಟಾಗ ಒಂದು ವರ್ಷದಲ್ಲಿ ಪೂರ್ತಿ ಹೊತ್ತಿನ ಕೆಲಸದಲ್ಲಿ ಇದ್ದವರು 28%ನಿಂದ 40%ಗೆ ಏರಿದರು. ಸಣ್ಣ ಮೊತ್ತ, ಸಣ್ಣ ಗುಂಪು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ನಮ್ಮ ದೇಶದ್ದೇ ಬೇಕೆಂದರೆ ಮಧ್ಯಪ್ರದೇಶದ ಪ್ರಯೋಗ ಇದೆ. 'ಸೇವಾ' ಸಂಘಟನೆ ನಡೆಸಿದ್ದು, ಯುನಿಸೆಫ್ ದುಡ್ಡು. 2011ರ ಸುಮಾರಿಗೆ ಸುಮಾರು 6,000 ಜನಕ್ಕೆ. ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100. ಆಮೇಲೆ 300, 150 ಮಾಡಿದರು. ಕುಡಿತ ಏರಲಿಲ್ಲ. ಕೂಲಿ ಬಿಟ್ಟವರು ಸ್ವಂತ ಹೊಲ, ಆಡು ಕುರಿ ಕಡೆ ತಿರುಗಿದರು. ರಂಗಣ್ಣನಿಗೆ ಆಳು ಸಿಗುವುದಿಲ್ಲ ಅನ್ನುವುದು ಬಹುಶಃ ಇದೇ.

ರಾಯಚೂರು ರಂಗ

ಹಹ್ಹ. ನೀವು ಯಾರ ಕಡೆ ಅಂತಲೇ ಗೊತ್ತಾಗುವುದಿಲ್ಲ ಬಿಡಿ. ಆದರೂ ಹಳೇ ವಿದ್ಯಾರ್ಥಿ ಬರೆದದ್ದು ಓದಿದ ಮೇಲೆ ಆ ಹುಡುಗರ ಮಟ್ಟಿಗೆ ನನ್ನ ತಕರಾರು ಇಲ್ಲ. ಹಿಂದೆ ಮುಂದೆ ಯಾರೂ ಇಲ್ಲದವರು.

ಧಾರವಾಡ ಮಾಸ್ತರ

ಹಾಗಾದರೆ ನಮ್ಮಲ್ಲಿ ಈಗ ಇರುವುದನ್ನೇ ನೋಡೋಣ. ಯುವನಿಧಿ ಇದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾಯಿತು. ಪದವಿ ಆದವರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದಿದ್ದರೆ, ಹೆಚ್ಚೆಂದರೆ ಎರಡು ವರ್ಷ. ಒರೆಗಾನ್‌ನ ಹಾಗೆ ಇದೂ ಎರಡೇ ವರ್ಷ, ಇದೂ ಯುವಕರಿಗೇ. ಆದರೆ ಯಾರಿಗೆ? ಪದವಿ ಮುಗಿಸುವ ತನಕ ಅವನನ್ನು ಯಾರೋ ಸಾಕಿರಬೇಕು. ಎಸ್‌ಎಸ್‌ಎಲ್‌ಸಿಗೇ ನಿಂತು ಹೋಟೆಲಿಗೆ ಸೇರಿದವನಿಗೆ ಇದು ಇಲ್ಲ. ಗೃಹಲಕ್ಷ್ಮಿಯ 2,000 ಬೇಕೆಂದರೆ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಆಗಿರಬೇಕು. ಮನೆಯೇ ಇಲ್ಲದವಳು ಯಾವ ಮನೆಗೆ ಯಜಮಾನಿ?

ಗೃಹಲಕ್ಷ್ಮಿಯನ್ನು ನಾನು ಹಳಿಯುವುದಿಲ್ಲ. ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯಲ್ಲಿ ಒಬ್ಬ ಅಜ್ಜಿ ಆ ದುಡ್ಡು ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದರು ಅಂತ ಪೇಪರಿನಲ್ಲಿ ಬಂದಿತ್ತು. ಅವರ ದುಡ್ಡು, ಅವರ ಸಂತೋಷ. ನನ್ನ ದೂರು ಇಷ್ಟೇ: ನಮ್ಮ ಹೆಚ್ಚಿನ ಗ್ಯಾರಂಟಿಗಳು ಒಂದು ಮನೆ ಇದೆ, ಒಂದು ಕುಟುಂಬ ಇದೆ ಅಂತ ಹಿಡಿದುಕೊಂಡೇ ಶುರುವಾಗುತ್ತವೆ.

ಮಂಗಳೂರು ಮೀನಾಕ್ಷಿ

ನಾನು ಬ್ಯಾಂಕಿನಲ್ಲಿ ಇದ್ದು ನಿವೃತ್ತಿಯಾದವಳು. ಒಂದೆರಡು ವಿಷಯ ಹೇಳುತ್ತೇನೆ.

ಬಾಲಮಂದಿರದಿಂದ ಬಂದವರಿಗೆ ಕಾನೂನಿನಲ್ಲಿ ಏನೂ ಇಲ್ಲ ಅಂತಲ್ಲ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಪ್ರಕಾರ 18 ತುಂಬಿ ಹೊರಗೆ ಬರುವವರಿಗೆ ಹಣಕಾಸಿನ ನೆರವು ಕೊಡಬಹುದು. "ಕೊಡಬಹುದು" ಅಂತ ಇದೆ, "ಕೊಡಬೇಕು" ಅಂತಿಲ್ಲ ನೋಡಿ. 21 ವರ್ಷದ ತನಕ ಅನುಪಾಲನೆ (ಹೊರಗೆ ಬಂದ ಮೇಲೂ ಕೊಡುವ ಆಸರೆ), ವಿಶೇಷ ಸಂದರ್ಭದಲ್ಲಿ 23ರ ತನಕ. ಕೇಂದ್ರದ ಮಕ್ಕಳ ರಕ್ಷಣೆಯ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಇಟ್ಟಿದ್ದಾರೆ. ಕೋವಿಡ್‌ನಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ಪಿಎಂ ಕೇರ್ಸ್ ಯೋಜನೆಯಲ್ಲಿ 18ರಿಂದ 23ರ ತನಕ ತಿಂಗಳ ದುಡ್ಡು, 23ಕ್ಕೆ 10 ಲಕ್ಷ ರೂಪಾಯಿ. ಕೋವಿಡ್‌ಗೆ ಮುಂಚೆ ಅಪ್ಪ ಅಮ್ಮ ಹೋದ ಮಗುವಿಗೆ ಇದು ಇಲ್ಲ. ಹಸಿವೆ ಮಾತ್ರ ಇಬ್ಬರದ್ದೂ ಒಂದೇ.

ಖಾತೆ ವಿಷಯ. ಮನೆ ವಿಳಾಸ ಇಲ್ಲದಿದ್ದರೂ ಆಧಾರ್ ಆಗುತ್ತದೆ. ಮಾನ್ಯತೆ ಇರುವ ಅನಾಥಾಲಯ, ಆಶ್ರಯ ಕೇಂದ್ರದ ಮುಖ್ಯಸ್ಥರು ಪತ್ರ ಕೊಟ್ಟರೆ ಸಾಕು. ಜನಧನ್ ಖಾತೆಗೆ ಕನಿಷ್ಠ ಮೊತ್ತ ಬೇಡ. ಮಗು ಅಲ್ಲಿ ಇರುವಾಗಲೇ ಇದೆಲ್ಲ ಮಾಡಿಸಿಡಬೇಕು. ಹೊರಗೆ ಬಂದ ಮೇಲೆ ಮೊಬೈಲ್ ನಂಬರ್ ಬದಲಾಗುತ್ತದೆ, ಓಟಿಪಿ ಹಳೇ ನಂಬರಿಗೆ ಹೋಗುತ್ತದೆ. ಕೌಂಟರ್ ಮುಂದೆ ನಿಂತು ಅತ್ತ ಹುಡುಗರನ್ನು ನೋಡಿದ್ದೇನೆ.

ಬಾಲಮಂದಿರದ ಹಳೇ ವಿದ್ಯಾರ್ಥಿ

ಮೇಡಂ, ಆ 4,000ದ ಬಗ್ಗೆ ನನಗೆ ಯಾರೂ ಹೇಳಲಿಲ್ಲ. ನನ್ನ ಜೊತೆ ಬಂದವರಿಗೂ ಹೇಳಲಿಲ್ಲ. ನಾನು ಹೊರಗೆ ಬಂದಾಗ ಅಷ್ಟು ಇರಲಿಲ್ಲವೇನೋ, ಆದರೆ ಅರ್ಜಿ ಹಾಕಬಹುದು ಅನ್ನುವುದೇ ಗೊತ್ತಿರಲಿಲ್ಲ.

ಶಾನುಭೋಗ

ನಾಲ್ಕು ಸಾವಿರದಂತೆ ಮೂರು ವರ್ಷಕ್ಕೆ ತಲೆಗೆ 1,44,000. ಬೆಂಗಳೂರಿನಲ್ಲಿ ಒಂದು ಸಾಧಾರಣ ಮನೆಗೆ ಕೆಲವರು ಕೇಳುವ ಹತ್ತು ತಿಂಗಳ ಅಡ್ವಾನ್ಸ್‌ಗೆ ಇದು ಸರಿಹೋಗುತ್ತದೆ! ರಾಜ್ಯ ಸರ್ಕಾರಕ್ಕೆ ಇದು ದೊಡ್ಡ ಮೊತ್ತ ಅಲ್ಲವೇ ಅಲ್ಲ. ಈ ಮಕ್ಕಳ ಹೆಸರು, ಹುಟ್ಟಿದ ದಿನ ಎಲ್ಲ ಇಲಾಖೆಯ ರಿಜಿಸ್ಟರ್‌ನಲ್ಲೇ ಇದೆ. ಯಾರು ಯಾವತ್ತು ಹೊರಗೆ ಬರುತ್ತಾರೆ ಅಂತ ವರ್ಷಗಟ್ಟಲೆ ಮುಂಚೆ ಗೊತ್ತು. ಡೆನ್ವರ್‌ನವರ ಹಾಗೆ ಬೀದಿಯಲ್ಲಿ ಹುಡುಕಬೇಕಾಗಿಲ್ಲ.

ದುಡ್ಡು ಎಲ್ಲಿಂದ ಅಂತ ಕೇಳುವವರಿಗೆ: ನೀವು ಕಟ್ಟುವ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ಅದರಲ್ಲಿ ಭಿಕ್ಷುಕರ ಸೆಸ್ ಅಂತ 3% ಇರುತ್ತದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು. ನಿರಾಶ್ರಿತರ ಪರಿಹಾರ ಕೇಂದ್ರಗಳು ಅದರಲ್ಲೇ ನಡೆಯುವುದು. ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಸಾಲು ಸಾವುಗಳಾಗಿದ್ದು ಹಳಬರಿಗೆ ನೆನಪಿರಬಹುದು. ಮನೆಯಿಲ್ಲದವರ ಹೆಸರಲ್ಲಿ ನಾವು ಆಗಲೇ ದುಡ್ಡು ಕಟ್ಟುತ್ತಿದ್ದೇವೆ. ಅದು ಹಿಡಿದು ತಂದು ಕೂಡಿಹಾಕಲು ಹೋಗುತ್ತದೆ. ಅವರ ಕೈಗೆ ಹೋಗುವುದಿಲ್ಲ. ಕಾಯ್ದೆ ತಿದ್ದದೆ ಆ ದುಡ್ಡನ್ನು ಬೇರೆ ಕಡೆ ತಿರುಗಿಸಲು ಬರುವುದಿಲ್ಲ, ಗೊತ್ತು. ತಿದ್ದಲಿ.

ಗಾಂಧಿನಗರ ಗುರು

ಈಗಷ್ಟೇ ರಸೀದಿ ತೆಗೆದು ನೋಡಿದೆ. ಓನರ್‌ದು, ನನ್ನದಲ್ಲ. ಶಾನುಭೋಗರು ಹೇಳಿದ್ದು ಹೌದು.

ಕಾರ್ಡಿಫ್ ಕನ್ನಡಿಗ

ಹಿಮಾಚಲ ಪ್ರದೇಶ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. 2023ರಲ್ಲಿ ಸುಖ ಆಶ್ರಯ ಅಂತ ಕಾನೂನೇ ಮಾಡಿದರು. ಅನಾಥ ಮಕ್ಕಳನ್ನು 'ರಾಜ್ಯದ ಮಕ್ಕಳು' ಅಂತ ಕರೆದು, 27 ವರ್ಷದ ತನಕ ಜವಾಬ್ದಾರಿ ಹೊತ್ತರು. ತಿಂಗಳಿಗೆ 4,000 ಕೈಖರ್ಚು, ಮನೆ ಕಟ್ಟಲು 3 ಲಕ್ಷ, ಸ್ವಂತ ಕೆಲಸ ಶುರು ಮಾಡಲು 2 ಲಕ್ಷ. ಯೋಜನೆಯಾದರೆ ಸರ್ಕಾರ ಬದಲಾದಾಗ ನಿಲ್ಲಬಹುದು, ಕಾನೂನಾದರೆ ಅಷ್ಟು ಸುಲಭವಲ್ಲ.

27 ಅನ್ನುವುದನ್ನು ಗಮನಿಸಿ. ನಮ್ಮ ವೇಲ್ಸ್‌ನಲ್ಲಿ 20ಕ್ಕೆ ದುಡ್ಡು ನಿಂತಿತು. 1,280 ಪೌಂಡಿನ ಲೆಕ್ಕದಲ್ಲಿ ಮನೆ ಹಿಡಿದವನು ಮುಂದಿನ ತಿಂಗಳು ಏನು ಮಾಡಬೇಕಿತ್ತು?

ವನಜಾ ಪೋರ್ಟ್‌ಲ್ಯಾಂಡ್

ಇದೇ ನನ್ನ ನಿದ್ದೆ ಕೆಡಿಸಿರುವುದು. ನಾನು ನೋಡಿದ ಹುಡುಗರಲ್ಲಿ ಕೆಲವರು ಕೊನೆಯ ಆರು ತಿಂಗಳು ಜಾಣತನ ಮಾಡಿದರು. ಕಡಿಮೆ ಬಾಡಿಗೆಗೆ ಹೋದರು, ಸ್ವಲ್ಪ ಕೂಡಿಟ್ಟರು. ಒಬ್ಬಳು ಮಾತ್ರ ರೂಮ್ ಹಂಚಿಕೊಂಡಿದ್ದ ಗೆಳತಿಯ ದುಡ್ಡೂ ಒಂದೇ ಸಮಯಕ್ಕೆ ನಿಂತದ್ದರಿಂದ ಮನೆ ಬಿಡಬೇಕಾಯಿತು. ಇಬ್ಬರೂ ಒಂದೇ ಯೋಜನೆಯವರು, ಕೊನೆಯ ಕಂತು ಒಂದೇ ತಿಂಗಳು. ಈಗ ಮತ್ತೆ ಚಿಕ್ಕಮ್ಮನ ಮನೆಯ ಸೋಫಾ.

ನನ್ನನ್ನು ಕೇಳಿದರೆ ಮೊದಲ ದಿನ ದೊಡ್ಡ ಕಂತು ಬೇಕು, ಕೊನೆಯ ವರ್ಷ ದುಡ್ಡು ಒಂದೇ ಸಲ ನಿಲ್ಲದೆ ಹಂತ ಹಂತವಾಗಿ ಇಳಿಯಬೇಕು. ನಡುವಿನ ತಿಂಗಳುಗಳನ್ನು ಅವರೇ ನೋಡಿಕೊಳ್ಳುತ್ತಾರೆ. ಈ ಪ್ರಯೋಗಗಳಲ್ಲಿ ಎಲ್ಲರೂ ನಡುವಿನ ತಿಂಗಳುಗಳ ಖರ್ಚನ್ನೇ ಅಳೆಯುತ್ತಾರೆ, ಬೂಟಿಗೆಷ್ಟು ಬಿರಿಯಾನಿಗೆಷ್ಟು ಅಂತ.

ಶಾನುಭೋಗ

ಇದನ್ನು ಒಪ್ಪುತ್ತೇನೆ. ಡೆನ್ವರ್‌ನಲ್ಲೂ ಮೊದಲೇ 6,500 ಸಿಕ್ಕ ಗುಂಪೇ ಒಂಚೂರು ಮುಂದಿದ್ದದ್ದು. ಅಂತರ ಸಣ್ಣದು, ಅದರ ಮೇಲೆ ಜಾಸ್ತಿ ಭಾರ ಹಾಕುವುದಿಲ್ಲ.

ಬಾಲಮಂದಿರದ ಹಳೇ ವಿದ್ಯಾರ್ಥಿ

ನನ್ನ ಕಡೆಯಿಂದ ಒಂದು ಸೇರಿಸಿ. ದುಡ್ಡಿನ ಜೊತೆ ಒಂದು ಫೋನ್ ನಂಬರ್ ಕೊಡಲಿ. ಪಿಜಿಯವರು "ದೊಡ್ಡವರನ್ನು ಕರೆದುಕೊಂಡು ಬಾ" ಅಂದಾಗ ಎತ್ತುವವರು ಒಬ್ಬರು ಬೇಕು. ಇಲಾಖೆಯವರೇ ಬಾಡಿಗೆ ಕರಾರಿಗೆ ಜಾಮೀನು ನಿಂತರೆ ಇನ್ನೂ ಒಳ್ಳೆಯದು. ಆಗ ಬಹುಶಃ ಅಷ್ಟು ದುಡ್ಡೂ ಬೇಡ.

ಹಾಸನದ ಸುಧಾ

ನಾನು ಇಲ್ಲಿ ಹೊಸಬಳು. ನಮ್ಮ ಬೀದಿಯ ಬೇಕರಿಯಲ್ಲಿ ಒಬ್ಬ ಹುಡುಗ ಇದ್ದಾನೆ. 19 ವರ್ಷ. ಹೋದ ವರ್ಷ ಬಾಲಮಂದಿರದಿಂದ ಬಂದವನು. ಬೇಕರಿಯಲ್ಲೇ ಮಲಗುತ್ತಾನೆ. ಆ 4,000ಕ್ಕೆ ಈಗ ಅರ್ಜಿ ಹಾಕಬಹುದಾ, ಅಥವಾ ಹೊರಗೆ ಬಂದ ಮೇಲೆ ಮುಗಿಯಿತಾ?

ಮಂಗಳೂರು ಮೀನಾಕ್ಷಿ

19 ಅಂದರೆ ವಯಸ್ಸು ಇದೆ. ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಡಿ ಬರುತ್ತದೆ. ಅನುಪಾಲನೆಗೆ ಅಂತ ಕೇಳಿ. ಅವನು ಬಾಲಮಂದಿರದಲ್ಲಿ ಇದ್ದದ್ದಕ್ಕೆ ಬಿಡುಗಡೆ ಪತ್ರ, ಆಧಾರ್, ಪಾಸ್‌ಬುಕ್ ಜೆರಾಕ್ಸ್ ಇಟ್ಟುಕೊಳ್ಳಿ. ಬಿಡುಗಡೆ ಪತ್ರ ಇಲ್ಲದಿದ್ದರೆ ಮಕ್ಕಳ ಕಲ್ಯಾಣ ಸಮಿತಿಯ ಕಡತದಲ್ಲಿ ಅವನ ಹೆಸರು ಇದ್ದೇ ಇರುತ್ತದೆ. ಬಾಯಿಮಾತಿನಲ್ಲಿ ಕೇಳಬೇಡಿ, ಅರ್ಜಿ ಬರೆದುಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ನಾಳೆ ಬಾ ಅಂದರೆ ಅದು ಕೈಯಲ್ಲಿರುತ್ತದೆ.

ಹಾಸನದ ಸುಧಾ

ಅವನಿಗೆ ಸೋಮವಾರ ರಜೆ ಕೇಳಿದರೆ ಬೇಕರಿಯವರು ಬೈಯುತ್ತಾರೆ ಅನ್ನುತ್ತಾನೆ. ನಾನೇ ಹೋಗಿ ಕೊಡಬಹುದಾ?

ಬಾಲಮಂದಿರದ ಹಳೇ ವಿದ್ಯಾರ್ಥಿ

ಅವನ ಸಹಿ ಹಾಕಿಸಿಕೊಂಡು ನೀವೇ ಕೊಡಿ ಅಕ್ಕ. ಅವನು ಬರಲೇಬೇಕು ಅಂದರೆ ಹೇಳಿ, ನಾನೂ ಬೆಂಗಳೂರಿಂದ ಬರುತ್ತೇನೆ. ಬೇಕರಿಯವರ ಹತ್ತಿರ ಮಾತಾಡಲು ಒಬ್ಬರು ಜೊತೆಗಿದ್ದರೆ ಒಳ್ಳೆಯದು.